ಒಂದೇ ನೊಗದ ಕಾಂತಗಳು

ಹಿರೇಕೆರೂರು ತಾಲೂಕಿನ ಹಂಸಭಾವಿಯ ಕಡೆ ಗೋವಿನಜೋಳದ ಹೊಲದಲ್ಲಿ ಎಡೆ ಹೊಡೆಯುವ ರೈತನಿಗೆ ಜೋಡೆತ್ತಿನ ಮರ್ಮವನ್ನು ಯಾರೂ ಕಲಿಸಬೇಕಾಗಿಲ್ಲ. ಎಳೆಯ ಹೋರಿಗೆ ಬಲವುಂಟು, ನಿಷ್ಠೆಯಿಲ್ಲ; ಕಂಡ ಹಸುರಿಗೆಲ್ಲ ಕತ್ತು ಹೊರಳಿಸುತ್ತದೆ. ಪಳಗಿದ ಎತ್ತಿಗೆ ಅಷ್ಟು ಬಲವಿಲ್ಲ. ಆದರೆ ಹಿಡಿದ ಸಾಲನ್ನು ಅದು ಬಿಡದು. ಎರಡನ್ನೂ ಒಂದೇ ನೊಗಕ್ಕೆ ಹೂಡಿದರೆ ಬಲಕ್ಕೆ ಸ್ಥಿರತೆ ಕೂಡಿಕೊಳ್ಳುತ್ತದೆ.

ಕಾಂತಗಳ ಲೋಕದಲ್ಲಿಯೂ ಇಂಥದೇ ಹೂಟೆಯೊಂದುಂಟು. ಅಲ್ಲಿ ಕಬ್ಬಿಣವೇ ಎಳೆಯ ಹೋರಿ. ಅದರ ಕಾಂತತ್ವ 2.15 ಟೆಸ್ಲಾದವರೆಗೆ ಏರಬಲ್ಲದು. ಎದುರಿನಿಂದ ಅಲ್ಪ ಕಾಂತಬಲ ಸೋಕಿದರೂ ದಿಕ್ಕು ತಿರುಗಿಸಿಬಿಡುತ್ತದೆ. ಇದು ಮೃದು ಕಾಂತ. ನಿಯೋಡಿಮಿಯಮ್, ಕಬ್ಬಿಣ, ಬೋರಾನುಗಳ ಸಂಯುಕ್ತ ಗಡಸು ಕಾಂತ. ಅದರ ಮಿತಿ 1.6 ಟೆಸ್ಲಾ, ಆದರೆ ಸುಲಭವಾಗಿ ಮಣಿಯುವ ಜಾತಿಯಲ್ಲ. ವಿದ್ಯುತ್ ಸ್ಕೂಟರಿನ ಮೋಟಾರಿನಲ್ಲಿ ದುಡಿಯುವುದು ಸಾಮಾನ್ಯವಾಗಿ ಇದೇ.

ನಿಯೋಡಿಮಿಯಮ್ ವಿರಳ ಭೂಲೋಹಗಳ ಗುಂಪಿಗೆ ಸೇರಿದ್ದು. 2025ರ ಏಪ್ರಿಲ್‌ನಲ್ಲಿ ಚೀನ ಈ ಗುಂಪಿನ ಏಳು ಲೋಹಗಳ, ಅವನ್ನೊಳಗೊಂಡ ಕಾಂತಗಳ ರಫ್ತಿಗೆ ಕಟ್ಟುಪಾಡು ವಿಧಿಸಿತು. ಅದರ ಬಿಸಿ ಭಾರತದ ವಾಹನ ಕಾರಖಾನೆಗಳಿಗೂ ತಟ್ಟಿತು. ಅಂದಮೇಲೆ, ಅಗ್ಗದ ಕಬ್ಬಿಣ ಹೆಚ್ಚಾಗಿದ್ದು ದುಬಾರಿ ಲೋಹ ಕಡಿಮೆಯಿರುವ ಕಾಂತವನ್ನು ಮಾಡಲಾಗದೆ?

1988ರಲ್ಲಿ ಹಾಲೆಂಡಿನ ಫಿಲಿಪ್ಸ್ ಪ್ರಯೋಗಶಾಲೆಯಲ್ಲಿ ಕೂಹೂರ್ನ್ ಮತ್ತು ಸಂಗಡಿಗರು ಅಂಥದೊಂದನ್ನು ಮಾಡಿ ತೋರಿಸಿದರು. ಗಡಸು ಸಂಯುಕ್ತದ ನೂರು ಪರಮಾಣುಗಳಲ್ಲಿ ನಿಯೋಡಿಮಿಯಮ್ ಸುಮಾರು 12. ಇವರ ಮಿಶ್ರಣದಲ್ಲಿ ಸುಮಾರು 4 ಮಾತ್ರ. ಉಳಿದ ಬಹುಪಾಲು ಕಬ್ಬಿಣ-ಬೋರಾನಿನ ಮೃದು ಕಣಗಳು. 1991ರಲ್ಲಿ ಜರ್ಮನಿಯ ಕ್ನೆಲ್ಲರ್ ಮತ್ತು ಹಾವಿಗ್ ಇದರ ತತ್ತ್ವವನ್ನು ವಿವರಿಸಿದರು.

ಇಲ್ಲಿ ನೊಗವಾಗುವುದು ನೆರೆಹೊರೆಯ ಪರಮಾಣುಗಳ ನಡುವಣ ವಿನಿಮಯ ಬಲ. ಕಣಗಳು ಕೂಡುವ ಗಡಿಯಲ್ಲಿ ಗಡಸು ಕಣ ಮೃದು ಕಣವನ್ನು ತನ್ನ ದಿಕ್ಕಿಗೇ ಹಿಡಿದು ನಿಲ್ಲಿಸುತ್ತದೆ. ಎದುರು ಬಲ ಬಂದಾಗ ಮೃದು ಕಣದ ನಡುಭಾಗ ಹೋರಿಯ ಕತ್ತಿನಂತೆ ಹೊರಳೀತು. ಬಲ ಸರಿದೊಡನೆ ಸ್ಪ್ರಿಂಗಿನಂತೆ ಮರಳಿ ಬರುತ್ತದೆ. ಆದರೆ ಈ ನೊಗ ಬಹಳ ಗಿಡ್ಡ. ಮೃದು ಕಣದ ಅಗಲ ಸುಮಾರು 10 ನ್ಯಾನೋಮೀಟರ್, ಎಂದರೆ ಒಂದು ಕಾಗದದ ದಪ್ಪದ ಹತ್ತು ಸಾವಿರದಲ್ಲೊಂದು ಪಾಲು, ಇದನ್ನು ಬಹಳ ಮೀರಿದರೆ ಹೋರಿ ಕೈತಪ್ಪಿದಂತೆಯೇ.

1993ರಲ್ಲಿ ಸ್ಕಾಮ್ಸ್ಕಿ ಮತ್ತು ಕೋಯ್ ಲೆಕ್ಕ ಹಾಕಿ, ಇಂಥ ಜೋಡಿಯಿಂದ ಅಂದಿನ ಶ್ರೇಷ್ಠ ಕಾಂತಗಳ ಇಮ್ಮಡಿ ಶಕ್ತಿ ದೊರೆಯಬಹುದೆಂದರು. ಮೂರು ದಶಕಗಳು ಕಳೆದರೂ ಮಾರುಕಟ್ಟೆಯ ಕಾಂತ ಆ ಮಟ್ಟವನ್ನು ಮುಟ್ಟಿಲ್ಲ. ಗಡಸು ಕಣಗಳೆಲ್ಲ ಒಂದೇ ದಿಕ್ಕಿಗೆ ಮುಖಮಾಡಬೇಕು. ಮೃದು ಕಣಗಳು ಕಾವಿನಲ್ಲಿ ದಪ್ಪವಾಗದೆ ಸಣ್ಣವಾಗಿಯೇ ಉಳಿಯಬೇಕು. ಎರಡನ್ನೂ ಒಟ್ಟಿಗೆ ಸಾಧಿಸುವುದೇ ಕಷ್ಟ.

ಎತ್ತುಗಳನ್ನು ಕೊಂಡವನೆಲ್ಲ ಬೇಸಾಯಗಾರನಾಗುವುದಿಲ್ಲ. ಹೂಡುವುದನ್ನು ಕಲಿಯಬೇಕು.