ಆಟವಿಲ್ಲದ ದಿನಗಳು ಯಾರ ಲೆಕ್ಕಕ್ಕೆ?

ನಾಟಕ ಕಂಪನಿಯೊಂದು ಸೇಡಂನಲ್ಲಿ ಕೊನೆಯ ಆಟ ಆಡಿ ಪರದೆ ಬಿಚ್ಚುತ್ತದೆ. ಮುಂದಿನ ಮೊಕ್ಕಾಂ ಚಿತ್ತಾಪುರ. ಜಾಗ ಗೊತ್ತಾಗಿದೆ, ಪರವಾನಗಿ ಮಾತ್ರ ಇನ್ನೂ ಕೈಗೆ ಬಂದಿಲ್ಲ. ಈ ನಡುವಿನ ಎಂಟೋ ಹದಿನೈದೋ ದಿನ ನಟ ನಟಿಯರು, ಪೇಟಿ ಮಾಸ್ತರರು, ತಬಲಾದವರು, ಪರದೆ ಎಳೆಯುವವರು, ಅಡುಗೆಯವರು, ಅವರ ಮಕ್ಕಳು ಎಲ್ಲರೂ ಉಣ್ಣಬೇಕು, ಮಲಗಬೇಕು, ಜ್ವರ ಬಂದರೆ ಔಷಧಿ ಕೊಳ್ಳಬೇಕು. ಗೇಟಿನಲ್ಲಿ ಟಿಕೆಟ್ ಹರಿಯದ ದಿನ ಕಲೆಕ್ಷನ್ ಇರುವುದಿಲ್ಲ. ಹಾಗಾದರೆ ಈ ದಿನಗಳ ಖರ್ಚು ಯಾರ ಲೆಕ್ಕಕ್ಕೆ ಹೋಗಬೇಕು? ಮಾಲೀಕನದೋ, ಕಲಾವಿದರದೋ, ನಾಟಕ ನೋಡುವ ಊರಿನದೋ?

ಮೇಲ್ನೋಟಕ್ಕೆ ಇದು ಒಂದು ಕಂಪನಿಯ ಜಮಾಖರ್ಚಿನ ಸಂಗತಿ. ಕೆದಕಿದರೆ, ಕಲಾವಿದರ ಕೆಲಸ ಎಂದರೆ ಯಾವುದು ಎಂಬ ದೊಡ್ಡ ಪ್ರಶ್ನೆ ಅದರೊಳಗಿದೆ. ರಂಗದ ಮೇಲಿನ ಮೂರು ತಾಸನ್ನಷ್ಟೇ ಕೆಲಸವೆಂದು ಎಣಿಸಿ ಉಳಿದುದನ್ನೆಲ್ಲ ಅವರವರ ಹಣೆಬರಹಕ್ಕೆ ಬಿಟ್ಟರೆ ಆ ಮೂರು ತಾಸೂ ಬಹುಕಾಲ ಉಳಿಯಲಾರದು. ಬಿಡುವಿನ ದಿನಗಳೂ ರಂಗಭೂಮಿಯ ದುಡಿಮೆಯೇ, ಅವುಗಳ ಹೊಣೆಯಲ್ಲಿ ನಾಟಕ ನೋಡುವ ಸಮಾಜಕ್ಕೂ ಪಾಲಿದೆ ಎಂಬುದು ನನ್ನ ವಾದ.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ದಾರಿಯಲ್ಲಿ ಈ ಪ್ರಶ್ನೆ ಬೇರೆಡೆಗಿಂತ ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿನ ಪ್ರೇಕ್ಷಕರೆಲ್ಲ ಒಂದೇ ಬಗೆಯವರಲ್ಲ, ಅವರ ಕೈಯಲ್ಲಿ ದುಡ್ಡು ಓಡಾಡುವ ಕಾಲವೂ ಒಂದೇ ಅಲ್ಲ. ವಾಡಿ ರೈಲಿನ ಊರು. 1874ರಲ್ಲಿ ನಿಜಾಮರ ರೈಲುಮಾರ್ಗ ಸಿಕಂದರಾಬಾದಿನಿಂದ ಇಲ್ಲಿಗೆ ಬಂದು ಮುಂಬೈ–ಮದ್ರಾಸ್ ಮಾರ್ಗವನ್ನು ಕೂಡಿತು. ಮುಂದೆ ಇದು ಸಿಮೆಂಟಿನ ಊರೂ ಆಯಿತು. ಶಹಾಬಾದ ತನ್ನ ಹೆಸರಿನ ಫರಸಿ ಕಲ್ಲನ್ನು ದಖ್ಖನ್ನಿನ ಅದೆಷ್ಟೋ ಮನೆಗಳ ನೆಲಕ್ಕೆ ಹಾಸಿಕೊಟ್ಟ ಊರು. ಈ ಎರಡೂ ಕಡೆ ಪಗಾರ ಆದ ವಾರ ಬಂದಷ್ಟು ಜನ ತಿಂಗಳ ಕೊನೆಯಲ್ಲಿ ಬರುವುದಿಲ್ಲ. ಸೇಡಂ, ಚಿತ್ತಾಪುರದ ಹಳ್ಳಿಗಳ ಲೆಕ್ಕ ಬೇರೆ. ಅಲ್ಲಿ ತೊಗರಿ ರಾಶಿಯಾಗಿ ಮಾರಾಟವಾದ ಮೇಲೆ, ಸಂಕ್ರಾಂತಿಯ ಸುಮಾರಿನಿಂದ ಯುಗಾದಿಯ ತನಕ ಮನೆಮಂದಿಯೆಲ್ಲ ನಾಟಕಕ್ಕೆ ಬರುವ ಕಾಲ. ಚಿಂಚೋಳಿಯ ತಾಂಡಾಗಳ ಜನ ಅದೇ ಹೊತ್ತಿಗೆ ಮುಂಬೈ, ಪುಣೆ, ಹೈದರಾಬಾದಿನತ್ತ ಗುಳೆ ಹೊರಟಿರುತ್ತಾರೆ. ಕಂಪನಿ ಊರು ತಲುಪುವಾಗ ಊರಿನ ಅರ್ಧ ಜನವೇ ದಾರಿಯ ಮೇಲಿರುತ್ತದೆ. ಜೂನ್ ಬಂತೆಂದರೆ ಮಳೆ. ಎರೆಮಣ್ಣಿನ ಮೈದಾನದಲ್ಲಿ ಒಂದು ಮಳೆ ಹನಿಸಿದರೆ ಸಾಕು, ಸಾಮಾನು ತುಂಬಿದ ಲಾರಿ ಅಲುಗುವುದಿಲ್ಲ, ನೆಟ್ಟ ಕಂಬ ನಿಲ್ಲುವುದಿಲ್ಲ. ಆಟ ನಿಲ್ಲಿಸಬೇಕಾದದ್ದು ಯಾರ ಸೋಮಾರಿತನದಿಂದಲೂ ಅಲ್ಲ. ಬೆಳೆ, ಪಗಾರ, ಗುಳೆ, ಮಣ್ಣು ಇವೆಲ್ಲ ಸೇರಿ ಅದನ್ನು ನಿಶ್ಚಯಿಸುತ್ತವೆ.

ಇನ್ನು ಆ ದಿನಗಳಲ್ಲಿ ನಡೆಯುವುದೇನು? ಬಿಡುವು ಎಂಬ ಮಾತು ಕೇಳಿ ಕಾಲು ಚಾಚಿ ಮಲಗಿದ ಜನರನ್ನು ಕಲ್ಪಿಸಿಕೊಳ್ಳುವವರು ಒಮ್ಮೆ ಬಿಚ್ಚಿದ ಥಿಯೇಟರಿನ ಹಿಂದೆ ಹೋಗಿ ನೋಡಬೇಕು. ತಗಡು, ಗಳ, ಹಗ್ಗ, ಕುರ್ಚಿಗಳನ್ನು ಎಣಿಸಿ ಕಟ್ಟಬೇಕು. ಅರಮನೆಯ ಪರದೆ ಮಡಿಕೆಯಲ್ಲಿ ಹರಿದಿದ್ದರೆ ಹೊಲಿದು ಬಣ್ಣ ಹಚ್ಚಬೇಕು. ಬೆವರಿನಿಂದ ಬಿರುಸಾದ ಸೀರೆ, ಶೇರವಾನಿಗಳನ್ನು ಒಗೆದು ಒಣಹಾಕಬೇಕು. ಮ್ಯಾನೇಜರು ಪುರಸಭೆ, ಪೊಲೀಸ್ ಠಾಣೆ, ಕರೆಂಟಿನ ಜೆಸ್ಕಾಂ ಕಚೇರಿ ಎಂದು ಮುಂದಿನ ಊರಿನಲ್ಲಿ ಅಲೆಯುತ್ತಿರುತ್ತಾನೆ. ಪೇಟಿ ಮಾಸ್ತರರ ಸುತ್ತ ಕೂತವರು ಹೊಸ ನಾಟಕದ ಪದಗಳನ್ನು ಕೂಡಿಸಿಕೊಳ್ಳುತ್ತಾರೆ. ಹಾಸ್ಯದ ಪಾತ್ರದವನು ಚಹಾದಂಗಡಿಯಲ್ಲಿ ಕೂತು ಈ ಊರಿನ ಮಾತಿನ ಎಳೆ ಹಿಡಿಯುತ್ತಾನೆ. ಚಿಂಚೋಳಿಯ ಗಡಿಯಲ್ಲಿ ತೆಲುಗು ಬೆರೆತ ಕನ್ನಡ, ಶಹಾಬಾದದ ಪೇಟೆಯಲ್ಲಿ ಉರ್ದು ಬೆರೆತ ಕನ್ನಡ. ಅದು ದಕ್ಕದಿದ್ದರೆ ಮೊದಲ ರಾತ್ರಿಯೇ ಅವನ ಮಾತು ನೆಲಕಚ್ಚುತ್ತದೆ. ಇದನ್ನೆಲ್ಲ ಕೆಲಸವಲ್ಲ ಎನ್ನಲು ನನಗೆ ಬಾಯಿ ಬಾರದು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸ ಇದೇ ದಿನಗಳಲ್ಲಿ ನಡೆಯುತ್ತದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ ಸೀಮೆಯ ಹಳ್ಳಿಗಳಲ್ಲಿ ಜಾತ್ರೆಗೆ, ಹಬ್ಬಕ್ಕೆ ಊರ ಹುಡುಗರೇ ನಾಟಕ ಆಡುತ್ತಾರೆ. ಗಂಡು ಪಾತ್ರಕ್ಕೆ ಊರಿನವರು, ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕರೆಸಿದ ನಟಿಯರು. ಕಂಪನಿಗೆ ಬಿಡುವು ಎಂದು ತಿಳಿದದ್ದೇ ತಡ, ಬೈಕಿನ ಮೇಲೆ ಇಬ್ಬರು ಬಂದು ನಿಲ್ಲುತ್ತಾರೆ. "ಅಕ್ಕೋರೆ, ಮುಂದಿನ ಅಮಾಸಿಗಿ ನಮ್ಮೂರಾಗ ನಾಟಕ ಅದರಿ, ನೀವೇ ಬರಬೇಕ್ರಿ" ಎಂದು ಕೇಳುತ್ತಾರೆ. ಪುಸ್ತಕ ಮುಂಚೆಯೇ ಕೈಗೆ ಬಂದರೆ ಪುಣ್ಯ. ಬಾರದಿದ್ದರೆ ಆ ಸಂಜೆ ಹೋಗಿ, ಹಿಂದೆಂದೂ ಜೊತೆಗೆ ನಿಲ್ಲದ ನಾಯಕನೊಡನೆ ಬೆಳಗಿನ ಜಾವದ ತನಕ ಆಡಬೇಕು. ಎದುರಿಗಿನವನು ಮಾತು ಮರೆತರೆ ತಾನೇ ಎತ್ತಿಕೊಟ್ಟು, ಅವನು ದೀಪಕ್ಕೆ ಬೆನ್ನು ಮಾಡಿದರೆ ತೋಳು ಹಿಡಿದು ತಿರುಗಿಸಿ ಆಟವನ್ನು ದಡ ಸೇರಿಸುವವಳು ಆಕೆ. ಆ ಹಳ್ಳಿಯ ಹತ್ತು ಹುಡುಗರು ರಂಗದ ಮೇಲೆ ನಿಲ್ಲುವುದನ್ನು ಕಲಿಯುವುದು ಆ ಒಂದು ರಾತ್ರಿಯಲ್ಲಿ. ಬೆಳಗಿನ ಮೊದಲ ಬಸ್ಸಿಗೆ ಕಾಯುತ್ತ ಕತ್ತಲಲ್ಲಿ ನಿಲ್ದಾಣದ ಕಟ್ಟೆಯ ಮೇಲೆ ಕೂರುವವಳೂ ಆಕೆಯೇ. ಬಿಡುವಿನಲ್ಲಿ ಕಲಾವಿದರು ಸುಮ್ಮನಿರುತ್ತಾರೆ ಎನ್ನುವ ಜಿಲ್ಲೆ ಅದೇ ಬಿಡುವಿನಲ್ಲಿ ಅವರಿಂದ ಇಷ್ಟನ್ನು ಪಡೆಯುತ್ತಿದೆ.

ಹಳೆಯ ಕಂಪನಿಗಳಿಗೆ ಈ ದಿನಗಳ ಬೆಲೆ ಗೊತ್ತಿತ್ತು. ಅಲ್ಲಿ ಹೊಸ ಪಾತ್ರ ಬಾಯಿಪಾಠವಾಗುತ್ತಿದ್ದದ್ದು, ಚಿಕ್ಕ ಹುಡುಗರಿಗೆ ಸ್ವರ ಹೇಳಿಕೊಡುತ್ತಿದ್ದದ್ದು ಆಟವಿಲ್ಲದ ಹೊತ್ತಿನಲ್ಲಿ. ಗಾಯಕ ಮಲ್ಲಿಕಾರ್ಜುನ ಮನಸೂರರು ಹುಡುಗನಾಗಿದ್ದಾಗ ವಾಮನರಾವ್ ಮಾಸ್ತರರ ವಿಶ್ವಗುಣಾದರ್ಶ ನಾಟಕ ಮಂಡಳಿ ಸೇರಿದವರು. ನಾಟಕದಲ್ಲಿ ಅವರ ಹಾಡು ಕೇಳಿ ಸಂಗೀತ ವಿದ್ವಾಂಸ ನೀಲಕಂಠಬುವಾ ಆ ಹುಡುಗನನ್ನು ಶಿಷ್ಯನನ್ನಾಗಿ ಮಾಡಿಕೊಂಡರು. 2017ರಲ್ಲಿ ಶತಾಯುಷಿಯಾಗಿ ತೀರಿಕೊಂಡ ನಟ ಏಣಗಿ ಬಾಳಪ್ಪನವರ ಪಾಠಶಾಲೆಯೂ ಕಂಪನಿಯ ಬಿಡಾರವೇ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಅನ್ನ, ವಿದ್ಯೆಗೆ ನೆರವಾಗಲೆಂದು ಒಂದು ನಾಟಕ ಕಂಪನಿ ನಡೆದುಬಂದಿರುವುದೂ ಕಲಿಕೆ, ಊಟ, ಆಟ ಮೂರನ್ನೂ ಒಂದೇ ಸೂರಿನಡಿ ಕಂಡ ತಿಳಿವಳಿಕೆಯಿಂದ. ಹಾಗೆಂದು ಆ ಕಾಲವನ್ನು ಹೊಗಳಿ ಹೊನ್ನಶೂಲಕ್ಕೇರಿಸುವ ಮನಸ್ಸು ನನಗಿಲ್ಲ. ವರ್ಷವಿಡೀ ಊಟ ಹಾಕಿದ ಮಾಲೀಕ ಮುಂಗಡದ ಹಣದಲ್ಲಿ ಕಲಾವಿದರನ್ನು ಕಟ್ಟಿಹಾಕಿದ್ದೂ ಉಂಟು, ಕಲೆಕ್ಷನ್ ಇಲ್ಲದ ಮೊಕ್ಕಾಮಿನಲ್ಲಿ ಪಗಾರ ಕೊಡದೆ ಕೈಯೆತ್ತಿದ್ದೂ ಉಂಟು. ಒಬ್ಬ ಮಾಲೀಕನ ದೊಡ್ಡತನದ ಮೇಲೆ ನಿಂತ ಭದ್ರತೆ ಅವನ ಸಾಲದೊಂದಿಗೇ ಕುಸಿಯುತ್ತದೆ. ಈಗ ಅನೇಕ ಕಡೆ ಒಂದು ಆಟಕ್ಕೆ ಇಷ್ಟು ಎಂಬ ಲೆಕ್ಕ ಬಂದಿದೆ. ಕಲಾವಿದರಿಗೆ ಬೇರೆ ಕಡೆ ಹೋಗುವ ಸ್ವಾತಂತ್ರ್ಯ ಸಿಕ್ಕಿತು, ಬಿಡುವಿನ ಭಾರವೂ ಪೂರ್ತಿಯಾಗಿ ಅವರ ತಲೆಗೆ ಬಂತು.

ಕೆಲಸವಿಲ್ಲದ ದಿನಕ್ಕೆ ಸಂಬಳ ಕೇಳುವುದು ಯಾವ ನ್ಯಾಯ, ಕೂಲಿಯವರಿಗೆ ಯಾರು ಕೊಡುತ್ತಾರೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ತೂಕದ್ದೇ. ಇದಕ್ಕೆ ಉತ್ತರ ವಾಡಿಯಲ್ಲೇ ಇದೆ. ಸಿಮೆಂಟ್ ಕಾರ್ಖಾನೆಯ ಗೂಡು ಸುಮಾರು 1450 ಡಿಗ್ರಿ ಶಾಖದಲ್ಲಿ ಹಗಲು ರಾತ್ರಿ ತಿರುಗುತ್ತದೆ. ಕಾಲಕಾಲಕ್ಕೆ ಅದನ್ನು ನಿಲ್ಲಿಸಿ, ತಣಿಸಿ, ಒಳಗಿನ ಸವೆದ ಇಟ್ಟಿಗೆಗಳನ್ನು ಕಿತ್ತು ಹೊಸತು ಕಟ್ಟುತ್ತಾರೆ. ಆ ದಿನಗಳಲ್ಲಿ ಒಂದು ಚೀಲ ಸಿಮೆಂಟಿಗಾಗುವಷ್ಟು ಕ್ಲಿಂಕರೂ ಗೂಡಿನಿಂದ ಹೊರಬರುವುದಿಲ್ಲ. ಆದರೂ ಅದನ್ನು ಕಾರ್ಖಾನೆಯ ಸೋಮಾರಿತನ ಎಂದವರಿಲ್ಲ. ಆ ಖರ್ಚು ಸಿಮೆಂಟಿನ ಬೆಲೆಯಲ್ಲೇ ಸೇರಿರುತ್ತದೆ, ಕೊಳ್ಳುವ ನಾವೆಲ್ಲ ಅದನ್ನು ಕೊಡುತ್ತೇವೆ. ನಾಟಕದ ಟಿಕೆಟಿನಲ್ಲಿ ಅಂಥ ಪಾಲು ಇಲ್ಲ, ಸೇರಿಸಿದರೆ ಕೂಲಿಯವರು ಕೊಳ್ಳಲಾರರು. ಹಾಗಾಗಿ ಅದು ಬೇರೆ ದಾರಿಯಿಂದ ಬರಬೇಕು. ಕೂಲಿಯವರ ಮಾತಿಗೆ ಬಂದರೆ, ಹೊಲದಲ್ಲಿ ಕೆಲಸವಿಲ್ಲದ ಕಾಲ ಅವರ ತಪ್ಪಲ್ಲ ಎಂದು ಒಪ್ಪಿಯೇ 2005ರಲ್ಲಿ ಉದ್ಯೋಗ ಖಾತರಿ ಕಾಯಿದೆ ಬಂದು 100 ದಿನಗಳ ಕೆಲಸದ ಮಾತು ಕೊಟ್ಟಿತು. ಆ ಮಾತು ಕೂಡ ಅಲೆಯುವ ಕಲಾವಿದರನ್ನು ತಲುಪಲಿಲ್ಲ. ಜಾಬ್ ಕಾರ್ಡ್ ಸಿಗುತ್ತಿದ್ದದ್ದು ಸ್ವಂತ ಊರಿನ ಪಂಚಾಯಿತಿಯಲ್ಲಿ, ಬಿಡುವು ಬರುತ್ತಿದ್ದದ್ದು ಪರಊರಿನ ಮೈದಾನದಲ್ಲಿ.

ಕರಾವಳಿಯ ಯಕ್ಷಗಾನ ಮೇಳಗಳನ್ನು ನೋಡಿದರೆ ಇಲ್ಲಿ ಕೊರತೆ ಯಾವುದು ಎಂದು ತಿಳಿಯುತ್ತದೆ. ಅಲ್ಲಿ ಮೇ 24ರ ಸುಮಾರಿಗೆ ಬರುವ ಪತ್ತನಾಜೆಗೆ ಮೇಳಗಳ ತಿರುಗಾಟ ಮುಗಿಯುತ್ತದೆ. ಗೆಜ್ಜೆ ಬಿಚ್ಚುವ ದಿನ ಯಾವುದೆಂದು ಕಲಾವಿದರಿಗೂ ಗೊತ್ತು, ಊರಿಗೂ ಗೊತ್ತು, ಸಾಲ ಕೊಟ್ಟ ಅಂಗಡಿಯವರಿಗೂ ಗೊತ್ತು. ಮಳೆಗಾಲದಲ್ಲಿ ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುವ ರೂಢಿಯಿದೆ. ದೇವಸ್ಥಾನದ ಮೇಳವಾದರೆ ಹರಕೆ ಆಟಗಳ ಆಸರೆಯಿದೆ. ಅಲ್ಲೂ ಕಷ್ಟಗಳಿವೆ, ಆದರೆ ಬಿಡುವು ಬರುವ ದಿನ ಮೊದಲೇ ತಿಳಿದಿರುತ್ತದೆ. ಕಲ್ಯಾಣ ಕರ್ನಾಟಕದ ಕಂಪನಿಗೆ ಬಿಡುವು ಹೇಳದೆ ಕೇಳದೆ ಬಂದು ಮೇಲೆ ಬೀಳುತ್ತದೆ. ಮೊದಲೇ ತಿಳಿದ ಬಿಡುವಿನಲ್ಲಿ ಜನ ಕಲಿಯಬಲ್ಲರು, ದಣಿವಾರಿಸಿಕೊಳ್ಳಬಲ್ಲರು. ತಿಳಿಯದೆ ಬಂದ ಬಿಡುವಿನಲ್ಲಿ ಸಾಲ ಹುಡುಕುತ್ತಾರೆ, ಕೊನೆಗೊಂದು ದಿನ ಬಣ್ಣದ ಪೆಟ್ಟಿಗೆ ಮುಚ್ಚಿ ಬೇರೆ ಕೆಲಸಕ್ಕೆ ಹೋಗುತ್ತಾರೆ.

2020 ಇದನ್ನು ಅತ್ಯಂತ ಕ್ರೂರವಾಗಿ ತೋರಿಸಿತು. ದೇಶದ ಮೊದಲ ಕೋವಿಡ್ ಸಾವು ಆ ವರ್ಷದ ಮಾರ್ಚ್ 10ರಂದು ಇದೇ ಕಲಬುರಗಿಯ ಒಬ್ಬರದು. ಕೆಲವೇ ದಿನಗಳಲ್ಲಿ ರಾಜ್ಯದಾದ್ಯಂತ ಚಿತ್ರಮಂದಿರ, ಜಾತ್ರೆಗಳಿಗೆ ತಡೆ ಬಿತ್ತು, ಆಮೇಲೆ ಲಾಕ್‌ಡೌನ್. ತೊಗರಿಯ ದುಡ್ಡು ಬಂದು, ಜಾತ್ರೆಗಳು ಸಾಲುಗಟ್ಟುವ ಮಾರ್ಚ್ ತಿಂಗಳೇ ಕಂಪನಿಗಳ ಇಡೀ ವರ್ಷದ ಆಧಾರ. ಅದೇ ಕೈತಪ್ಪಿದಾಗ ಕಲಾವಿದರ ಬಳಿ ಹಿಂದಿನ ಉಳಿತಾಯವಿರಲಿಲ್ಲ, ಮುಂದಿನ ದಿನಾಂಕವೂ ಇರಲಿಲ್ಲ. ನೆರವಿನ ಹಣ, ರೇಷನ್ ಕಿಟ್ಟುಗಳು ಬಂದವು, ಬಂದದ್ದು ಒಳ್ಳೆಯದೇ ಆಯಿತು. ಆದರೆ ಆಪತ್ತಿನಲ್ಲಿ ಕೊಡುವ ದಾನ ಎಂದಿನ ಬಿಡುವಿಗೆ ಆಸರೆಯಾಗುವುದಿಲ್ಲ. ಪ್ರತಿ ವರ್ಷ ಮಳೆಗಾಲದಲ್ಲಿ ಬರುವ ಕಷ್ಟಕ್ಕೆ ಟಿವಿಯವರು ಬರುವುದಿಲ್ಲ.

ಆಟವಿಲ್ಲದ ದಿನಗಳನ್ನು ಬೇರೆ ಬಗೆಯಲ್ಲಿ ನಡೆಸಿದವರಿದ್ದಾರೆ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಮ್ 1985ರಲ್ಲಿ ‘ತಿರುಗಾಟ’ ಎಂಬ ಸಂಚಾರಿ ನಾಟಕ ತಂಡ ಆರಂಭಿಸಿದಾಗ ವರ್ಷವನ್ನೇ ಯೋಚಿಸಿ ಹಂಚಿಕೊಂಡಿತು: ಮೊದಲು ತಾಲೀಮು, ಆಮೇಲೆ ನಾಡು ಸುತ್ತುವ ಪ್ರವಾಸ. ತಾಲೀಮಿನ ತಿಂಗಳುಗಳೂ ಅಲ್ಲಿ ನಟರ ದುಡಿಮೆಯ ಕಾಲವೇ. ಸಾಣೇಹಳ್ಳಿ ಮಠದ ಶಿವಸಂಚಾರ ತಂಡವೂ ಇದೇ ಜಾಡಿನಲ್ಲಿ ನಡೆದುಬಂದಿದೆ. ಇವು ಸಂಸ್ಥೆಯೊಂದರ, ಮಠವೊಂದರ ಬಲದಿಂದ ಆದದ್ದು, ಟಿಕೆಟಿನ ಮೇಲೆ ಬದುಕುವ ಕಂಪನಿಗೆ ಅಷ್ಟು ಬಲವೆಲ್ಲಿ ಎನ್ನಬಹುದು. ಫ್ರಾನ್ಸ್ ದೇಶ ಈ ಹೊಣೆಯನ್ನು ಕಾನೂನಿಗೇ ತಂದಿತು. ಅಲ್ಲಿ 12 ತಿಂಗಳಲ್ಲಿ 507 ಗಂಟೆ ದುಡಿದ ದಾಖಲೆಯಿರುವ ರಂಗ ಕಲಾವಿದರಿಗೆ, ತಂತ್ರಜ್ಞರಿಗೆ ಕೆಲಸವಿಲ್ಲದ ದಿನಗಳಿಗೂ ಭತ್ಯೆ ಸಿಗುತ್ತದೆ. ಆ ವ್ಯವಸ್ಥೆಯ ಬೇರು 1936ರಷ್ಟು ಹಿಂದಿನದು. ಶ್ರೀಮಂತ ದೇಶದ ಮಾತು ಎಂದು ತಳ್ಳಿಹಾಕುವ ಮುನ್ನ, ಅದರ ಹಿಂದಿನ ವಿಚಾರ ಎಷ್ಟು ಸರಳ ಎಂದು ಯೋಚಿಸಬೇಕು. ಕಲಾವಿದರ ದುಡಿಮೆ ಬಿಟ್ಟುಬಿಟ್ಟು ಬರುವುದೇ ಅದರ ಸ್ವಭಾವ ಎಂದು ಅವರು ಒಪ್ಪಿಕೊಂಡರು, ಅಷ್ಟೇ.

ನಮ್ಮಲ್ಲಿ ಅಷ್ಟು ದೊಡ್ಡ ವ್ಯವಸ್ಥೆಗೆ ಕಾಯಬೇಕಿಲ್ಲ. ಈ ಊರುಗಳ ಸುತ್ತ ದೊಡ್ಡ ಸಿಮೆಂಟ್ ಕಾರ್ಖಾನೆಗಳಿವೆ. 2013ರ ಕಂಪನಿ ಕಾಯಿದೆಯ ಪ್ರಕಾರ ಇಂಥ ದೊಡ್ಡ ಉದ್ದಿಮೆಗಳು ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು, ಕಲೆ ಸಂಸ್ಕೃತಿಯ ರಕ್ಷಣೆ ಆ ಪಟ್ಟಿಯಲ್ಲಿ ಸೇರಿದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯಿದೆ, ಕಲಬುರಗಿಯಲ್ಲಿ ರಂಗಾಯಣವಿದೆ. ಪ್ರತಿ ತಾಲ್ಲೂಕು ಊರಿನಲ್ಲಿ ಕಂಪನಿಗೆಂದೇ ಮೀಸಲಾದ, ಮುರುಮು ಹಾಸಿದ ಒಂದು ಜಾಗ, ನೀರು, ವಿದ್ಯುತ್ತು, ಹೆಂಗಸರಿಗೆ ಬಾಗಿಲು ಭದ್ರವಿರುವ ಶೌಚಾಲಯ, ಮಳೆಗಾಲ ಕಳೆಯಲು ಕೆಲವು ಕೋಣೆ ಇವು ಮೊದಲು ಆಗಬೇಕು. ಪರವಾನಗಿಗಳೆಲ್ಲ ಒಂದೇ ಕಿಟಕಿಯಲ್ಲಿ, ತಿಂಗಳು ಮೊದಲೇ ಸಿಗಬೇಕು. ಆಗ ಬಿಡುವಿನ ಅರ್ಧ ದಿನಗಳು ತಾವಾಗಿಯೇ ಕಡಿಮೆಯಾಗುತ್ತವೆ. ಉಳಿದರ್ಧದಲ್ಲಿ ಪೇಟಿ ಮಾಸ್ತರರನ್ನು, ಹಿರಿಯ ನಟಿಯರನ್ನು ಗೌರವಧನ ಕೊಟ್ಟು ಸರಕಾರಿ ಶಾಲೆಗಳಿಗೆ ಕರೆಸಬಹುದು. ಕವಿರಾಜಮಾರ್ಗ ಹುಟ್ಟಿದ ರಾಷ್ಟ್ರಕೂಟರ ಮಳಖೇಡ ಸೇಡಂ ತಾಲ್ಲೂಕಿನಲ್ಲಿದೆ. ಅಲ್ಲಿನ ಮಕ್ಕಳು ಕನ್ನಡದ ಮಾತನ್ನು ಏರಿಸಿ ಇಳಿಸಿ ಆಡುವುದನ್ನು ಇವರಿಂದ ಕಲಿಯದೆ ಇನ್ನಾರಿಂದ ಕಲಿಯಬೇಕು?

ಕಂಪನಿಯ ಮಕ್ಕಳ ಮಾತನ್ನೂ ಇಲ್ಲೇ ಹೇಳಬೇಕು. ತಂದೆತಾಯಿಯರ ಬಿಡುವು ಅವರ ಶಾಲೆಯ ವರ್ಷವನ್ನು ತುಂಡು ತುಂಡು ಮಾಡುತ್ತದೆ. ಶಹಾಬಾದದಲ್ಲಿ ಎರಡು ತಿಂಗಳು ಒಂದು ತರಗತಿ, ಚಿಂಚೋಳಿಯಲ್ಲಿ ಹೆಸರೇ ಇಲ್ಲ, ಆಮೇಲೆ ಅಜ್ಜಿಯ ಊರು. 2009ರ ಶಿಕ್ಷಣ ಹಕ್ಕು ಕಾಯಿದೆ ವರ್ಗಾವಣೆ ಪತ್ರ ತಡವಾಯಿತೆಂದು ಯಾವ ಮಗುವನ್ನೂ ಹಿಂದಕ್ಕೆ ಕಳಿಸಕೂಡದು ಎಂದಿದೆ, ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು ಎಂದಿದೆ. ಗುಳೆ ಹೋಗುವವರ ಮಕ್ಕಳಿಗಾಗಿ ರಾಜ್ಯದಲ್ಲಿ ಟೆಂಟ್ ಶಾಲೆ, ಋತುಮಾನದ ವಸತಿ ಶಾಲೆಗಳನ್ನು ನಡೆಸಿದ ಅನುಭವವೂ ಇದೆ. ನಾಟಕದವರ ಮಕ್ಕಳನ್ನೂ ಗುಳೆ ಹೋಗುವವರ ಮಕ್ಕಳೆಂದೇ ದಾಖಲೆಯಲ್ಲಿ ಬರೆದುಕೊಳ್ಳಲು ಹೊಸ ಕಾನೂನು ಬೇಡ, ಶಿಕ್ಷಣ ಇಲಾಖೆಯ ಒಂದು ಸುತ್ತೋಲೆ ಸಾಕು. ಮುಂದಿನ ಜೂನ್‌ನಲ್ಲಿ ಶಾಲೆ ತೆರೆಯುವ ಮುಂಚೆ ಅದು ಈ ಐದೂ ಊರುಗಳ ಮುಖ್ಯ ಗುರುಗಳ ಮೇಜಿಗೆ ಬರಬೇಕು.