ಮಾಸ್ತರ ಪಿಂಚಣಿ, ಬಡವರ ಮಕ್ಕಳ ಪಾಠ

ಮೋಮಿನಪುರದಲ್ಲಿ ಸರಕಾರಿ ಸಾಲಿಗೆ ಬೀಗ ಬಿದ್ದದ್ದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಹನ್ನೊಂದು ಗಂಟೆ ಬಿಸಿಲಲ್ಲಿ ಹುಡುಗರು ಗಲ್ಲಿಯಲ್ಲಿ ಗೋಲಿ ಆಡುತ್ತಿದ್ದರೆ ಮಾಸ್ತರು ಬಂದಿಲ್ಲ ಅಂತಲೇ ಅರ್ಥ. ಆಟೋ ಓಡಿಸುವವ, ಬಂಡಿ ತಳ್ಳುವವ, ಮನೆಗೆಲಸಕ್ಕೆ ಹೋಗುವ ಹೆಣ್ಣುಮಗಳು, ಎಲ್ಲರ ಬಾಯಲ್ಲೂ ಒಂದೇ ಮಾತು: ತಿಂಗಳಾ ಪಗಾರ ಬರ್ತದ, ಮತ್ಯಾಕ ಮುಷ್ಕರ?

ಪ್ರಶ್ನೆ ತಪ್ಪಲ್ಲ. ಆದರೆ ಅದಕ್ಕೆ ಉತ್ತರವೂ ಉಂಟು. ರಾಜ್ಯ ಸರಕಾರದ ನೌಕರಿಗೆ 2006ರ ಏಪ್ರಿಲ್ 1ರ ನಂತರ ಸೇರಿದವರಿಗೆ ಹಳೆ ಪಿಂಚಣಿ ಇಲ್ಲ. ಹಳಬರಿಗೆ ಪೂರ್ಣ ಸೇವೆ ಮುಗಿಸಿದರೆ ಕೊನೆಯ ಮೂಲ ವೇತನದ ಅರ್ಧದಷ್ಟು ಸಾಯುವವರೆಗೆ ಬರುತ್ತದೆ, ತುಟ್ಟಿಭತ್ಯೆಯೂ ಏರುತ್ತದೆ. ಹೊಸಬರ ಪಗಾರದಲ್ಲಿ ತಿಂಗಳಾ ನೂರಕ್ಕೆ ಹತ್ತು ಕಡಿತವಾಗುತ್ತದೆ, ಸರಕಾರವೂ ತನ್ನ ಪಾಲು ಹಾಕುತ್ತದೆ, ಹಣ ಮಾರುಕಟ್ಟೆಗೆ ಹೋಗುತ್ತದೆ. ನಿವೃತ್ತಿಯ ದಿನ ಎಷ್ಟು ಕೂಡಿರುತ್ತದೋ ಅದರ ಮೇಲೆ ಮುಂದಿನ ಬದುಕು. ಒಂದೇ ಸಾಲಿ, ಒಂದೇ ಪಾಠ, ಅಕ್ಕಪಕ್ಕದ ಎರಡು ಕುರ್ಚಿ. ಒಬ್ಬರ ಮುಪ್ಪಿಗೆ ಭರವಸೆ ಉಂಟು, ಇನ್ನೊಬ್ಬರ ಮುಪ್ಪು ಲೆಕ್ಕಕ್ಕೆ ಸಿಗದು. ಇದು ನ್ಯಾಯವೇ?

ಬೀಗ ಬಿದ್ದಾಗಲೇ ಸರಕಾರಕ್ಕೆ ಎಚ್ಚರವಾಗುತ್ತದೆ ಎಂಬುದಕ್ಕೂ ಸಾಕ್ಷಿ ಬೇಕಿಲ್ಲ. 2022ರ ಡಿಸೆಂಬರಿನಲ್ಲಿ ನೌಕರರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಕೂತರು. ಹೇಳಿಕೊಳ್ಳುವಂಥ ಫಲವೇನೂ ಸಿಗಲಿಲ್ಲ. 2023ರ ಮಾರ್ಚ್ 1ರಂದು ರಾಜ್ಯವ್ಯಾಪಿ ಮುಷ್ಕರ ಹೂಡಿದಾಗ ಅದೇ ದಿನ ಶೇ. 17ರ ಮಧ್ಯಂತರ ಪರಿಹಾರ ಹೊರಬಂತು, ಪಿಂಚಣಿ ಪರಿಶೀಲನೆಗೆ ಸಮಿತಿಯೂ ಬಂತು. ಮುಷ್ಕರ ನಿಂತಿತು. ಆ ಮೇ ಚುನಾವಣೆಯಲ್ಲಿ ಹಳೆ ಪಿಂಚಣಿ ಪ್ರಣಾಳಿಕೆಯ ಮಾತಾಯಿತು. ಗೆದ್ದ ಮೇಲೆ, 2024ರ ಜನವರಿಯಲ್ಲಿ, 2006ಕ್ಕೆ ಮೊದಲೇ ನೇಮಕಾತಿ ಅಧಿಸೂಚನೆ ಹೊರಟು ನಂತರ ಕೆಲಸಕ್ಕೆ ಸೇರಿದ ಸುಮಾರು 13,000 ಮಂದಿಗೆ ಹಳೆ ಪಿಂಚಣಿ ಕೊಡುವ ಆದೇಶವಾಯಿತು. ಲಕ್ಷಗಟ್ಟಲೆ ಮಂದಿ ಬಾಗಿಲ ಹೊರಗೇ ಉಳಿದರು.

ಇದೆಲ್ಲ ನಿಜವೇ. ಆದರೆ ಮೋಮಿನಪುರದ ಹುಡುಗ ಕಳೆದುಕೊಂಡ ದಿನವೂ ಅಷ್ಟೇ ನಿಜ. ಖಾಸಗಿ ಸಾಲಿಯ ಹುಡುಗನಿಗೆ ಮುಷ್ಕರದ ಬಿಸಿ ತಟ್ಟುವುದಿಲ್ಲ, ತಟ್ಟಿದರೂ ಸಂಜೆಗೆ ಟ್ಯೂಷನ್ ಉಂಟು. ಇಲ್ಲಿಯ ಹುಡುಗನಿಗೆ, ಕಮಲಾಪುರದ ಹೊಲದ ಕೂಲಿಯ ಮಗಳಿಗೆ, ಸಾಲಿ ಬಿಟ್ಟರೆ ಬೇರೆ ಗತಿಯಿಲ್ಲ. ಬೀಗ ಬಿದ್ದ ದಿನ ಪಾಠದ ಜತೆ ಮಧ್ಯಾಹ್ನದ ಬಿಸಿಯೂಟವೂ ಹೋಯಿತು. 2021ರಲ್ಲಿ ಊಟದ ಜತೆ ಮೊಟ್ಟೆ ಕೊಡಲು ಮೊದಲು ಆರಿಸಿದ ಜಿಲ್ಲೆಗಳಲ್ಲಿ ಕಲಬುರಗಿಯೂ ಒಂದು, ಇಲ್ಲಿಯ ಮಕ್ಕಳ ಮೈಯಲ್ಲಿ ಕಸುವಿಲ್ಲ ಅಂತ. ಪಕ್ಕದ ಮಹಾರಾಷ್ಟ್ರದಲ್ಲಿ 2023ರ ಮಾರ್ಚ್ 14ರಿಂದ 20ರವರೆಗೆ ಇದೇ ಪಿಂಚಣಿಗಾಗಿ ಮುಷ್ಕರ ನಡೆಯಿತು, ಹತ್ತನೇ ತರಗತಿಯ ಪರೀಕ್ಷೆ ನಡೆಯುತ್ತಿದ್ದಾಗಲೇ. ಇಲ್ಲಿ ಅಂಥದ್ದಾದರೆ ತಾಳುವ ಶಕ್ತಿ ಯಾರಿಗಿದೆ? 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ. 91.12 ಪಡೆದು ಮೊದಲ ಸ್ಥಾನದಲ್ಲಿತ್ತು, ಕಲಬುರಗಿ ಶೇ. 42.43ಕ್ಕೆ ನಿಂತು ಕಟ್ಟಕಡೆಗೆ ಬಿತ್ತು. ಅದು ಮುಷ್ಕರದ ಫಲವಲ್ಲ, ಹಳೆಯ ರೋಗ. ಆದರೆ ರೋಗಿಯ ಪಥ್ಯ ಕಿತ್ತುಕೊಳ್ಳಬಾರದು.

ಹಾಗಂತ ಸರಕಾರ ಮಕ್ಕಳ ಹೆಸರಲ್ಲಿ ಕಣ್ಣೀರು ಹಾಕಿದರೆ ಯಾರು ನಂಬಿಯಾರು? ಶಿಕ್ಷಣ ಹಕ್ಕು ಕಾಯ್ದೆ ಐದನೇ ತರಗತಿವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಸಾಲಿ ನಡೆಯಬೇಕು ಎನ್ನುತ್ತದೆ. 2025ರ ಅಕ್ಟೋಬರಿನಲ್ಲಿ ಜಾತಿ ಸಮೀಕ್ಷೆ ಮುಗಿಯಲಿಲ್ಲವೆಂದು ಸರಕಾರಿ, ಅನುದಾನಿತ ಸಾಲಿಗಳ ದಸರಾ ರಜೆಯನ್ನು 18ರವರೆಗೆ ಎಳೆದದ್ದು ಇದೇ ಸರಕಾರ. ಆಗ ಮಾಸ್ತರು ಮನೆಮನೆ ಬಾಗಿಲು ತಟ್ಟಿದರು, ಹುಡುಗರು ಗಲ್ಲಿಯಲ್ಲೇ ಇದ್ದರು. ಸರಕಾರದ ಕೆಲಸಕ್ಕೆ ಸಾಲಿ ಮುಚ್ಚಿದರೆ ಕರ್ತವ್ಯ, ಮಾಸ್ತರ ಹೊಟ್ಟೆಗಾಗಿ ಮುಚ್ಚಿದರೆ ಅಪರಾಧ. ಇದ್ಯಾವ ಲೆಕ್ಕ?

ಆಗಬೇಕಾದ್ದು ಎರಡೇ. ಪಿಂಚಣಿ ಕೊಡುವುದೋ ಇಲ್ಲವೋ, ಕೊಟ್ಟರೆ ಯಾರಿಗೆ, ಯಾವಾಗಿನಿಂದ ಎಂಬುದನ್ನು ಸರಕಾರ ತಾರೀಖು ಹಾಕಿ ಹೇಳಲಿ. ಸಮಿತಿಯ ಮೇಲೆ ಸಮಿತಿ ಕೂಡಿಸಿ ಚುನಾವಣೆವರೆಗೆ ತಳ್ಳುವುದು ಬೇಡ. ಮಾಸ್ತರ ಸಂಘಗಳೂ ಒಂದು ಮಾತು ಕೊಡಲಿ: ಜನವರಿಯಿಂದ ಪರೀಕ್ಷೆ ಮುಗಿಯುವವರೆಗೆ ಬೀಗ ಹಾಕುವುದಿಲ್ಲ, ಮುಷ್ಕರಕ್ಕೆ ಹೋದ ಪ್ರತಿ ದಿನದ ಪಾಠವನ್ನು ಶನಿವಾರ ಮಧ್ಯಾಹ್ನ ತುಂಬಿಕೊಡುತ್ತೇವೆ, ಬೀಗ ಬಿದ್ದರೂ ಅಡುಗೆ ಕೋಣೆ ತೆರೆದಿರುತ್ತದೆ. ಹೀಗೆ ಹೇಳಿದರೆ ಮೋಮಿನಪುರದ ತಂದೆ ತಾಯಿಯೇ ಮಾಸ್ತರ ಬೆನ್ನಿಗೆ ನಿಂತಾರು. ಪಿಂಚಣಿಯ ಹೆಸರೇ ಕೇಳದ ಆ ಜನಕ್ಕೆ ಮುಪ್ಪಿನ ಭಯ ಏನೆಂದು ಬೇರೆಯವರು ಹೇಳಿಕೊಡಬೇಕಿಲ್ಲ. ಅವರಿಗಿರುವ ಪಿಂಚಣಿ ಒಂದೇ, ಓದಿ ಮುಂದೆ ಬರುವ ಮಗ, ಮಗಳು.

ಆ ಪಿಂಚಣಿಗೂ ಕತ್ತರಿ ಬೀಳದಂತೆ ಸಂಬಂಧಪಟ್ಟವರು ನೋಡಿಕೊಳ್ಳುವರೇ?