ಡಾರ್ಲಿಂಗ್ ಅನ್ನಲು ನಾಚಿಕೆಯಿಲ್ಲ, ನಲ್ಲೆ ಅನ್ನಲು ನಾಚಿಕೆಯೇ?

ಬೆಂಗಳೂರು, ಹುಬ್ಬಳ್ಳಿಗಳಲ್ಲಿ ದುಡಿಯುತ್ತಿರುವ ಕನ್ನಡದ ತಮ್ಮಂದಿರೇ, ತಂಗಿಯರೇ,

ನಾನು ಪಂಡಿತನಲ್ಲ. ಪಿಯುಸಿ ಮುಗಿಸಿ ನಿಡಗುಂದಿಯಲ್ಲಿ ಪ್ರಿಂಟಿಂಗ್ ಪ್ರೆಸ್ ಇಟ್ಟುಕೊಂಡವನು. ಲಗ್ನಪತ್ರಿಕೆ, ಬಿಲ್ ಬುಕ್, ಬ್ಯಾನರ್ ಇವೇ ನನ್ನ ಹೊಟ್ಟೆಪಾಡು. ಮೊನ್ನೆ ಬೆಂಗಳೂರಿನಿಂದ ರಜೆಗೆ ಬಂದ ನಮ್ಮೂರ ಹುಡುಗ ಹೆಂಡತಿಯ ಹುಟ್ಟುಹಬ್ಬಕ್ಕೆ ಬ್ಯಾನರ್ ಮಾಡಿಸಲು ಬಂದ. ಚೀಟಿಯಲ್ಲಿ ‘ಮೈ ಡಾರ್ಲಿಂಗ್’ ಎಂದಿತ್ತು.

“ಹಂಗಂದ್ರ ಏನಪಾ?” ಎಂದೆ.

“ಪ್ರೀತೀಲೆ ಕರ್ಯೂದ್ರಿ ಕಾಕಾ.”

“ಅದನ್ನ ಕನ್ನಡದಾಗ ಬರಿ.”

ಹುಡುಗನ ಮುಖ ಕೆಂಪಾಯಿತು. “ಕನ್ನಡದಾಗ ನಾಚಿಕಿ ಬರ್ತದ್ರಿ!”

ಕೇಳಿದಿರಾ? ನಾಚಿಕೆ ಹೆಂಡತಿಯ ಬಗ್ಗೆ ಅಲ್ಲ, ಪ್ರೀತಿಯ ಬಗ್ಗೆಯೂ ಅಲ್ಲ. ಕನ್ನಡದ ಬಗ್ಗೆ!

ಈ ಡಾರ್ಲಿಂಗ್ ಎಲ್ಲಿಯ ಮಹಾರಾಣಿ? ‘ಡಿಯರ್’ ಎಂಬ ಮಾತಿಗೆ ‘ಲಿಂಗ್’ ಎಂಬ ಬಾಲ ಅಂಟಿ ಆದದ್ದು. ಬಾತುಕೋಳಿ ಮರಿಗೆ ‘ಡಕ್ಲಿಂಗ್’ ಅನ್ನುತ್ತಾರಲ್ಲ, ಅದೇ ಬಾಲ. ‘ಡಿಯರ್’ ಅಂದರೆ ಪ್ರೀತಿಯದ್ದು. ತುಟ್ಟಿ ಅಂತಲೂ ಹೌದು. (ಈಗಿನ ಹುಟ್ಟುಹಬ್ಬದ ಖರ್ಚು ನೋಡಿದರೆ ಎರಡನೆಯದೇ ಸರಿ!) ಸಾವಿರ ವರ್ಷಕ್ಕೂ ಹಳೆಯ ಈ ಮಾತನ್ನು ಇಂಗ್ಲಿಷರು ಯಾರಿಂದಲೂ ಸಾಲ ತಂದದ್ದಲ್ಲ. 1066ರಲ್ಲಿ ನಾರ್ಮಂಡಿಯ ವಿಲಿಯಂ ಅವರ ದೇಶ ಗೆದ್ದ. ಅರಮನೆಯಲ್ಲಿ ಫ್ರೆಂಚ್ ಬಂದು ಕೂತಿತು. ಕೋರ್ಟು, ಜಡ್ಜು, ಕಡೆಗೆ ಮಟನ್ ಕೂಡ ಫ್ರೆಂಚಿನಿಂದ ಬಂದವೇ. ಆದರೆ ಒಲಿದವರನ್ನು ಕರೆಯುವ ‘ಡಾರ್ಲಿಂಗ್’ ಅನ್ನು ಅವರು ಬಿಟ್ಟುಕೊಡಲಿಲ್ಲ. ಸೋತ ಜನ ಇಷ್ಟು ಉಳಿಸಿಕೊಂಡರು. ನಾವು ಯಾವ ಯುದ್ಧ ಸೋತು ಬಿಟ್ಟುಕೊಟ್ಟೆವು ಹೇಳಿ?

ನಮ್ಮಲ್ಲಿ ಮಾತಿಲ್ಲವೇ? ‘ನಲ್ಲ’, ‘ನಲ್ಲೆ’ ಇವೆ. ‘ಇನಿ’ ಅಂದರೆ ಸವಿ, ಅದರಿಂದ ‘ಇನಿಯ’. ಅವರು ‘ಹನಿ’, ‘ಸ್ವೀಟ್‌ಹಾರ್ಟ್’ ಅಂದಾಗ ಬಾಯಿ ಬಿಟ್ಟು ನೋಡುತ್ತೀರಲ್ಲ, ಆ ಸವಿಯೇ ಇದು. ಹಳಗನ್ನಡಕ್ಕೆ ಹೋದರೆ ‘ಓಪ’ ಎಂಬ ಚಂದದ ಮಾತಿದೆ, ಒಲಿದವನು ಎಂದರ್ಥ. ಜರ್ಮನಿಯಿಂದ ಬಂದ ಕಿಟ್ಟೆಲ್ ಸಾಹೇಬರು ವರ್ಷಗಟ್ಟಲೆ ಕೂತು ನಮ್ಮ ಶಬ್ದಗಳನ್ನು ಹೆಕ್ಕಿದರು. 1894ರಲ್ಲಿ ಆ ನಿಘಂಟು ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಿಂದ ಹೊರಬಂತು. ಒಂದೊಂದೇ ಅಚ್ಚುಮೊಳೆ ಎತ್ತಿ ಜೋಡಿಸಿದ ಕಾಲ ಅದು. ಆ ಕೈಗಳನ್ನು ನೆನೆದರೆ ನನ್ನಂಥ ಪ್ರೆಸ್ಸಿನವನಿಗೆ ಮೈ ಜುಮ್ಮೆನ್ನುತ್ತದೆ. 1942ರಲ್ಲಿ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ ಬಂತು. ಗಂಡ ಹೆಂಡಿರ ಪ್ರೀತಿ ಹಾಡಲು ಅವರಿಗೆ ಡಾರ್ಲಿಂಗ್ ಬೇಕಾಯಿತೇ?

ಪುಸ್ತಕ ಬಿಡಿ, ನಮ್ಮ ಕಡೆಯ ಮನೆಗೆ ಬನ್ನಿ. ತಾಯಿ ಮಗಳನ್ನು ‘ಯವ್ವಾ’ ಅಂತಾಳೆ, ಮಗನನ್ನು ‘ಯಪ್ಪಾ’ ಅಂತಾಳೆ. ಹೆತ್ತ ಕೂಸನ್ನೇ ತನ್ನ ಅವ್ವ, ತನ್ನ ಅಪ್ಪ ಅಂತ ಕರೆಯುವುದು! ಇದನ್ನು ಯಾವ ಇಂಗ್ಲಿಷಿಗೆ ತರುತ್ತೀರಿ? ಅದೇ ಮಗ ಬೆಂಗಳೂರಿಗೆ ಹೋಗಿ ತನ್ನ ಕೂಸಿಗೆ ‘ಬೇಬಿ’ ಅಂತಾನೆ, ಹೆಂಡತಿಗೂ ‘ಬೇಬಿ’ ಅಂತಾನೆ. ಯಾರನ್ನು ಕರೆದ ಅಂತ ಮನೆಯವರಿಗೇ ತಿಳಿಯದು.

ಅಂಗಡಿ ಬೋರ್ಡಿನಲ್ಲಿ ಕನ್ನಡ ಶೇ. 60 ಇರಬೇಕೆಂದು 2024ರಲ್ಲಿ ಕಾಯ್ದೆ ತಿದ್ದಿದರು. ಒಳ್ಳೆಯದು, ಅದಕ್ಕಾಗಿ ಬೀದಿಗಿಳಿದವರಿಗೆ ಶರಣು. ಆದರೆ ಗಂಡ ಹೆಂಡಿರ ಮಾತಿಗೆ ಯಾವ ಕಾಯ್ದೆ ತರುತ್ತೀರಿ? ಅಲ್ಲಿ ಯಾವ ಕಾರ್ಯಕರ್ತನೂ ಬರಲಾರ. ಅಲ್ಲಿ ನೀವೇ.

ಆ ಹುಡುಗನ ಬ್ಯಾನರ್ ‘ಡಾರ್ಲಿಂಗ್’ ಅಂತಲೇ ಹೋಯಿತು. ಗಿರಾಕಿಯ ಮಾತು ಮೀರಿದರೆ ಪ್ರೆಸ್ ನಡೆಯುವುದಿಲ್ಲ. ಆದರೆ ನೀವು ಬರುವಾಗ ‘ನಲ್ಲೆ’ ಅಂತಲೋ ‘ಇನಿಯ’ ಅಂತಲೋ ಬರೆದು ತನ್ನಿ. ಡಿಟಿಪಿ ದುಡ್ಡು ನಾನು ತಗೊಳ್ಳುವುದಿಲ್ಲ.